ಮೊಲದ ಮರಿಗಳಿಗೆ ಮನೇಲೇ ಮೂರು ಅಂತಸ್ತಿನ ಗೂಡು ಮಾಡ್ಬೇಕು, ಅಳತೆ ಹೇಳ್ತೀರಾ?

ಗುತ್ತಲುರೋಡ್ (ಮಂಡ್ಯ):
ಎಲ್ರಿಗೂ ನಮಸ್ಕಾರ. ಮಂಡ್ಯ ಟೌನಲ್ಲಿದೀವಿ, ಬಾಡಿಗೆ ಮನೆ, ಹಿಂದುಗಡೆ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಶೀಟ್ ಇಳಿಸಿರೋ ವಸಿ ಜಾಗ ಇದೆ. ಮಗಳು ಹಠ ಮಾಡಿದ್ಲು ಅಂತ ಎರಡು ಬಿಳಿ ಮೊಲ ತಂದ್ವಿ, ಎರಡೂ ಹೆಣ್ಣೇ ಸಾರ್ ಯೋಚ್ನೆ ಮಾಡ್ಬೇಡಿ ಅಂತ ಅಂಗಡಿಯವ್ರು ಹೇಳಿ ಕಳಿಸಿದ್ರು, ಈಗ ನೋಡಿದ್ರೆ ಆರು ಮರಿ. ಹುಟ್ಟಿ ಇನ್ನೇನು ಒಂದ್ ತಿಂಗ್ಳು ತುಂಬುತ್ತೆ. ಮನೆಯೆಲ್ಲಾ ಓಡಾಡ್ತಿವೆ, ಗ್ಯಾಸ್ ಸಿಲಿಂಡರ್ ಹಿಂದೆ ಒಂದು, ಚಪ್ಪಲಿ ಸ್ಟ್ಯಾಂಡ್ ಕೆಳಗೊಂದು, ಫ್ರಿಜ್ ವೈರ್ ಆಗ್ಲೇ ಕಡಿದಾಗಿದೆ, ಪುಣ್ಯಕ್ಕೆ ಸ್ವಿಚ್ ಆಫ್ ಇತ್ತು.

ಅಂಗಡೀಲಿ ಸಿಗೋ ರೆಡಿ ಗೂಡು ನೋಡ್ದೆ, ಸಣ್ಣದು, ಮೇಲಾಗಿ ರೇಟು ಕೇಳಿ ವಾಪಸ್ ಬಂದೆ. ನಾನೇ ಮಾಡೋಣ ಅಂತಿದೀನಿ. ಪ್ಲಾನ್ ಏನಂದ್ರೆ 4 ಅಡಿ ಉದ್ದ 2 ಅಡಿ ಅಗಲ, ಮೂರು ಅಂತಸ್ತು, ಒಂದೊಂದು ಒಂದೂವರೆ ಅಡಿ ಎತ್ತರ, ಒಂದರಿಂದ ಇನ್ನೊಂದಕ್ಕೆ ಹತ್ತೋಕೆ ಇಳಿಜಾರು ಹಲಗೆ, ಮರದ ರೀಪರ್ ಹೊಡೆದು ಸುತ್ತ ಕೋಳಿ ಜಾಲರಿ. ಮೂರು ಸಾವಿರದ ಒಳಗೆ ಮುಗಿಬೇಕು. ರೀಪರ್ ಸಾಕಾ ಕಬ್ಬಿಣ ಬೇಕಾ, ನೆಲಕ್ಕೆ ಏನ್ ಹಾಕ್ಬೇಕು, ಮೇಲಿನ ಅಂತಸ್ತಿಂದ ಉಚ್ಚೆ ಕೆಳಗಿರೋವ್ರ ಮೇಲೆ ಬೀಳ್ದಂಗೆ ಏನ್ ಮಾಡ್ತಾರೆ, ಮರಿಗಳು ಮೇಲಿಂದ ಬಿದ್ರೆ ಏನಾದ್ರೂ ಆಗುತ್ತಾ, ಗೊತ್ತಿರೋರು ಹೇಳಿ ಪ್ಲೀಸ್.

ಮೊಲದಮ್ಮ (ಮೈಸೂರು):
ಗೂಡು ಆಮೇಲೆ ಸಾರ್. ಮೊದ್ಲು ಒಂದು ಹೇಳಿ, ಗಂಡು ಎಲ್ಲಿದೆ ಈಗ? ತಾಯಿ ಜೊತೆನೇ ಇದ್ಯಾ?

ಗುತ್ತಲುರೋಡ್:
ಹೂಂ ಮೇಡಂ ಜೊತೆಗೇ ಇದೆ. ಎರಡೂ ಚೆನ್ನಾಗಿ ಹೊಂದ್ಕೊಂಡಿವೆ, ಬೇರೆ ಮಾಡಿದ್ರೆ ಅಪ್ಪ ಮೊಲಕ್ಕೆ ಬೇಜಾರಾಗುತ್ತೆ ಅಂತ ಮಗಳು ಬಿಡ್ಲಿಲ್ಲ.

ಮೊಲದಮ್ಮ:
ಅಯ್ಯೋ ಶಿವನೇ. ಅಪ್ಪ ಮೊಲಕ್ಕೆ ಒಂಚೂರೂ ಬೇಜಾರಾಗಿರಲ್ಲ ಬಿಡಿ. ಹೆಣ್ಣು ಮೊಲ ಮರಿ ಹಾಕಿದ ದಿನಾನೇ ಮತ್ತೆ ಗಬ್ಬ ಕಟ್ಟುತ್ತೆ ಸಾರ್. ಹಸು ಥರ ಬೆದೆಗೆ ಬರೋ ದಿನ ಅಂತ ಕಾಯೋ ಹಂಗಿಲ್ಲ, ಗಂಡು ಕೂಡಿದ ಮೇಲೇ ಅದ್ರ ಹೊಟ್ಟೇಲಿ ಅಂಡ ಬಿಡೋದು, ಹಂಗಾಗಿ ಯಾವತ್ತು ಬಿಟ್ರೂ ಸರಿ. ಗಬ್ಬ 31 ದಿನ, ಒಂದೆರಡು ದಿನ ಹೆಚ್ಚು ಕಮ್ಮಿ. ಮರಿಗಳಿಗೆ ಒಂದ್ ತಿಂಗ್ಳಾಗ್ತಾ ಬಂತು ಅಂತೀರಿ, ಲೆಕ್ಕ ನೀವೇ ಹಾಕ್ಕೊಳಿ.

ಗಂಡನ್ನ ಈಗ್ಲೇ ಬೇರೆ ಇಡಿ. ಗೂಡಿಲ್ಲ ಅಂದ್ರೆ ಬಚ್ಚಲ ಹತ್ರ ಬಾಗ್ಲು ಹಾಕಿ ಬಿಡಿ ಪರ್ವಾಗಿಲ್ಲ. ಆಮೇಲೆ ತಾಯಿ ಹೆಂಗೆ ಆಡ್ತಿದೆ ನೋಡಿ ಹೇಳಿ. ಬಾಯಲ್ಲಿ ಹುಲ್ಲು, ಪೇಪರ್ರು, ಬಟ್ಟೆ ಕಚ್ಕೊಂಡು ಓಡಾಡ್ತಿದ್ಯಾ? ಎದೆ ಹೊಟ್ಟೆ ಹತ್ರ ಕೂದ್ಲು ಕಿತ್ಕೊಂಡಿದ್ಯಾ?

ಗುತ್ತಲುರೋಡ್:
ಮೇಡಂ ನಿನ್ನೆಯಿಂದ ಮಗಳ ಹಳೇ ಪೆಟಿಕೋಟ್ ಎಳ್ಕೊಂಡೋಗಿ ಮಂಚದ ಕೆಳಗೆ ಮೂಲೇಲಿ ಗುಡ್ಡೆ ಹಾಕ್ತಿದೆ. ಆಟ ಆಡ್ತಿದೆ ಅನ್ಕೊಂಡು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಬೇರೆ ಹಾಕಿದೀನಿ. 🤦

ಮೊಲದಮ್ಮ:
ಹಂಗಾದ್ರೆ ಇವತ್ತೋ ನಾಳೆನೋ ಅಂತಾನೇ ಇಟ್ಕೊಳಿ. ಹೆದ್ರಬೇಡಿ. ಒಂದು ಪೆಟ್ಟಿಗೆ ಬೇಕು, ಒಂದೂವರೆ ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ, ಮುಂದಿನ ಕಡೆ ಮಾತ್ರ ಅರ್ಧಕ್ಕೆ ಕತ್ತರಿಸಿ ತಗ್ಗು ಮಾಡಿ, ತಾಯಿ ಹಾರಿ ಒಳಗೆ ಹೋಗ್ಬೇಕು ಆದ್ರೆ ಮರಿ ಉರುಳಿ ಆಚೆ ಬರ್ಬಾರ್ದು. ಹಣ್ಣಿನ ಅಂಗಡಿ ಮರದ ಪೆಟ್ಟಿಗೆ ಸಿಕ್ರೆ ಒಳ್ಳೇದು, ಮೊಳೆ ಎದ್ದಿದ್ರೆ ಬಡಿದುಬಿಡಿ. ಒಳಗೆ ಒಣ ಹುಲ್ಲು ತುಂಬಿ, ಹತ್ತಿ ಬಟ್ಟೆ ಬೇಡ, ನೂಲು ಮರಿ ಕಾಲಿಗೆ ಸುತ್ಕೊಳುತ್ತೆ. ಅದ್ರ ಮೇಲೆ ತಾಯಿ ತಾನೇ ಕಿತ್ತ ಕೂದ್ಲು ಹಾಸುತ್ತೆ. ಪೆಟ್ಟಿಗೇನ ಅದು ಗುಡ್ಡೆ ಹಾಕ್ತಿರೋ ಜಾಗದಲ್ಲೇ ಇಡಿ.

ತಾಯಿ ಮರಿ ಹತ್ರ ಕೂರೋದೇ ಇಲ್ಲ, ಹಾಲು ಕೊಡ್ತಿಲ್ಲ ಅಂತ ಆಮೇಲೆ ಗಾಬರಿ ಬೀಳ್ಬೇಡಿ. ಮೊಲ ದಿನಕ್ಕೆ ಒಂದ್ಸಲ, ಹೆಚ್ಚಂದ್ರೆ ಎರಡ್ಸಲ ಹೋಗಿ ಐದ್ ನಿಮಿಷದಲ್ಲಿ ಹಾಲು ಕೊಟ್ಟು ಎದ್ದು ಬರೋ ಪ್ರಾಣಿ. ಬೆಳಿಗ್ಗೆ ಮರಿಗಳ ಹೊಟ್ಟೆ ಗುಂಡಗಿದ್ರೆ ಸಾಕು.

ಹಳೇ ಆರು ಮರಿ ತಾಯಿಯಿಂದ ಬೇರೆ ಆಗ್ಲೇಬೇಕು ಈಗ. ಆರು ವಾರ ಹಾಲು ಕುಡಿದ್ರೆ ಚೆಂದ, ಆದ್ರೆ ಹೊಸ ಮರಿ ಬರ್ತಿರೋವಾಗ ಅದೆಲ್ಲಾ ಆಗಲ್ಲ, ಒಂದ್ ತಿಂಗ್ಳ ಮರಿ ಹುಲ್ಲು ತಿಂದು ಬದುಕುತ್ತೆ. ಅಂದ್ರೆ ನಿಮ್ ಗೂಡು ಅರ್ಜೆಂಟು. ಗೂಡಿನ ವಿಚಾರ ಬೋಗಾದಿ ಸಾರ್ ಹೇಳ್ತಾರೆ, ಅವ್ರದ್ದು ನೋಡೇ ನಾನೂ ಮಾಡ್ಸಿದ್ದು.

ಬೋಗಾದಿಹಿತ್ತಲು (ಮೈಸೂರು):
ಕರೆದ್ರಲ್ಲಾ ಬಂದೆ 😄 ಉದ್ದ ಆಗುತ್ತೆ, ಕೂತು ಓದಿ.

ಮೂರು ಅಂತಸ್ತು ಬಿಟ್ಬಿಡಿ. ಯಾಕೆ ಅಂತ ಲೆಕ್ಕ ಹೇಳ್ತೀನಿ. ಒಂದು ಅಂತಸ್ತಿಗೆ ಒಳಗೆ 18 ಇಂಚು ಎತ್ತರ ಬೇಕು, ದೊಡ್ಡದಾದ ಮೇಲೆ ಕಿವಿ ನೆಟ್ಟಗೆ ಮಾಡಿ ಎದ್ದು ನಿಲ್ಲೋಕೆ ಅಷ್ಟಾದ್ರೂ ಇರ್ಬೇಕು. ಕೆಳಗೆ ಉಚ್ಚೆ ಹಿಕ್ಕೆ ಬೀಳೋ ಟ್ರೇ ಜಾರಿಸಿ ಎಳೆಯೋಕೆ 4 ಇಂಚು. ಅಲ್ಲಿಗೆ 22. ಮೂರು ಸಲಕ್ಕೆ 66. ನೆಲದಿಂದ ಒಂದೂವರೆ ಅಡಿ ಮೇಲೆ ಶುರು ಮಾಡ್ಬೇಕು, ಇಲ್ದಿದ್ರೆ ಕೆಳಗೆ ಪೊರಕೆ ಹೋಗಲ್ಲ, ಹೆಗ್ಗಣ ಬಂದು ಕೂರುತ್ತೆ. ಒಟ್ಟು 84 ಇಂಚು, ಏಳಡಿ! ಮೇಲಿನ ಮನೆ, ಅಂದ್ರೆ ಮೇಲಿನ ಅಂತಸ್ತಿನ ಮೂಲೇಲಿ ಮರಿ ಸುಸ್ತಾಗಿ ಬಿದ್ದಿದ್ರೂ ಸ್ಟೂಲ್ ಹಾಕ್ಕೊಂಡು ನೋಡ್ಬೇಕು, ಮೇಲಾಗಿ ಶೀಟ್ ಕೆಳಗೆ ಅಷ್ಟು ಎತ್ತರದಲ್ಲಿ ಸೆಕೆ ಜಾಸ್ತಿ. ಎರಡೇ ಅಂತಸ್ತು ಮಾಡಿ, 62 ಇಂಚಿಗೆ ಮುಗಿಯುತ್ತೆ, ಎರಡೂ ಕೈಗೆ ಸಿಗುತ್ತೆ.

ಮರಿಗಳಿಗೆ ಹತ್ತೋ ಇಳಿಯೋ ಖುಷಿ ಬೇಕು ಅಂದ್ರೆ ಒಳಗೆ ಅಟ್ಟ ಕೊಡಿ. ಅದೇ ಮೆಟ್ಲೂ ಆಗುತ್ತೆ. ಇಳಿಜಾರು ಹಲಗೆ ಕೇಳಿದ್ರಿ, ಎರಡು ನೆಲದ ಮಧ್ಯೆ 22 ಇಂಚು ಏರ್ಬೇಕಾದ್ರೆ ಮರಿ ಜಾರದ ಹಂಗೆ ಹಾಕೋ ಹಲಗೆ 40 ಇಂಚು ಉದ್ದ ಬೇಕು, ನಿಮ್ ಗೂಡೇ 48 ಇಂಚು, ಇನ್ನು ಜಾಗ ಎಲ್ಲಿ ಉಳೀತು? ಅದ್ರ ಬದ್ಲು ಬಲಗಡೆ ಕೊನೇ 1 ಅಡಿ ಇದೆಯಲ್ಲ, ಅದನ್ನ ಮೆಟ್ಲು ಅಂತ ಬಿಟ್ಬಿಡಿ. ಕೆಳಗಿನ ಮನೇಲಿ ಆ ಜಾಗದಲ್ಲಿ 11 ಇಂಚು ಎತ್ತರಕ್ಕೆ ಹಲಗೆ ಅಟ್ಟ, 1 ಅಡಿಗೆ 2 ಅಡಿ. ಅದ್ರ ನೇರ ಮೇಲೆ, ಮೇಲಿನ ಮನೆ ನೆಲದಲ್ಲಿ, ಮುಂದುಗಡೆ ಅರ್ಧ ಭಾಗ ಮಾತ್ರ ತೂತು, 10 ಇಂಚಿಗೆ 10 ಇಂಚು, ಹಿಂದಿನ ಅರ್ಧ ಹಲಗೆ. ಮರಿ ನೆಲದಿಂದ ಅಟ್ಟಕ್ಕೆ ಹಾರುತ್ತೆ, ಅಟ್ಟದಿಂದ ಮೇಲಕ್ಕೆ ಹಾರುತ್ತೆ. ಕಾಲು ತಪ್ಪಿ ಬಿದ್ರೂ 11 ಇಂಚೇ. ಮೊಲದ ಮೂಳೆ ತುಂಬಾ ಹಗುರ, ಹಿಂಗಾಲಲ್ಲಿ ಮಾತ್ರ ಭಾರೀ ಜೋರು, ಎತ್ತರದಿಂದ ಬಿದ್ರೆ ಇಲ್ಲಾ ಹೆದರಿ ಒದ್ರೆ ಬೆನ್ನುಮೂಳೆನೇ ಮುರಿಯುತ್ತೆ, ಹಿಂದಿನ ಭಾಗ ಎಳ್ಕೊಂಡು ಓಡಾಡೋ ಮರಿ ನೋಡೋಕಾಗಲ್ಲ. ಈ ಒಂದು ತಿಂಗ್ಳ ಮರಿಗಳಿಗೆ ಮೊದ್ಲು ಎರಡು ವಾರ ಅಟ್ಟದ ಪಕ್ಕ ಒಂದು ಇಟ್ಟಿಗೆ ಇಡಿ, ಹತ್ತೋಕೆ ಸುಲಭ.

ಬಲಗಡೆ 1 ಅಡಿ ಹಿಂಗೆ ಹೋದ್ರೆ ಎಡಗಡೆ 3 ಅಡಿ ಉಳೀತು, ಅದು ಮೆಶ್ ನೆಲ, ಅಂದ್ರೆ ತಂತಿ ಜಾಲರಿ, ಅದ್ರ ಕೆಳಗೆ 3 ಅಡಿ ಟ್ರೇ. ಟ್ರೇ ತೂತಿಗೆ ಅಡ್ಡ ಬರಲ್ಲ. ಟ್ರೇ ಅಂದ್ರೆ ಜಿಐ (ಸತು ಬಳಿದ ಕಬ್ಬಿಣ) ಶೀಟ್ ಬೇಕಂತಿಲ್ಲ, ಹಳೇ ಫ್ಲೆಕ್ಸ್ ಬ್ಯಾನರ್ ಇದ್ಯಲ್ಲ, ಎಲೆಕ್ಷನ್ದೋ ಹುಟ್ಟುಹಬ್ಬದ್ದೋ, ಅದನ್ನ ರೀಪರ್ ಚೌಕಟ್ಟಿಗೆ ಬಿಗಿದು ಹಿಂದಕ್ಕೆ 2 ಇಂಚು ಇಳಿಜಾರು ಕೊಡಿ, ಹಿಂದೆ ಅರ್ಧ ಸೀಳಿದ ಪಿವಿಸಿ ಪೈಪು, ಕೊನೇಲಿ ಬಕೆಟ್ಟು. ಬಕೆಟ್ ನೀರು ಕೂಡಿಸಿ ಗಿಡಕ್ಕೆ ಹಾಕಿ. ಫ್ಲೆಕ್ಸ್ ಮರಿ ಬಾಯಿಗೆ ಸಿಗದಂಗೆ ನೋಡ್ಕೊಳಿ ಅಷ್ಟೆ. ಟ್ರೇ ಮೇಲೆ ಬಿಳಿ ಕರೆ ಗಟ್ಟಿಯಾಗಿ ಕೂತ್ರೆ ಅದು ಉಚ್ಚೇಲಿರೋ ಸುಣ್ಣದಂಶ, ಉಜ್ಜಿದ್ರೆ ಹೋಗಲ್ಲ, ವಿನೆಗರ್ ಹಾಕಿ ಬಿಟ್ರೆ ಕರಗುತ್ತೆ.

ಇನ್ನು ಜಾಲರಿ. ಕೋಳಿ ಜಾಲರಿ ಬೇಡ್ವೇ ಬೇಡ. ಮೊಲ ಕಡಿಯುತ್ತೆ, ನಾಯಿ ಕಾಲು ಹಾಕಿ ಎಳೆದ್ರೆ ಬಿಚ್ಕೊಳುತ್ತೆ. ವೆಲ್ಡ್ ಮೆಶ್ ತಗೊಳಿ, ತಂತಿ ಸೇರೋ ಕಡೆಯೆಲ್ಲಾ ಬೆಸುಗೆ ಹಾಕಿರೋದು. ನೆಲಕ್ಕೆ ಅರ್ಧ ಇಂಚಿಗೆ 1 ಇಂಚು ಕಣ್ಣಿಂದು, 14 ಗೇಜ್ (ತಂತಿ ದಪ್ಪದ ನಂಬರ್), ಸಿಗ್ದಿದ್ರೆ 16. ಅಂಗಡಿಯವ್ರು 20 ಗೇಜ್ ಕೊಟ್ಟು ಇದೂ ಅದೇ ಸಾರ್ ಅಂತಾರೆ, ನಂಬರ್ ಜಾಸ್ತಿ ಆದಂಗೆಲ್ಲಾ ತಂತಿ ತೆಳ್ಳಗೆ ಅನ್ನೋದು ಗೊತ್ತಿರ್ಲಿ. ಹಾಕೋವಾಗ ಒತ್ತೊತ್ತಾಗಿರೋ ತಂತಿ ಮೇಲ್ಮುಖ ಬರ್ಬೇಕು, ಕೈಯಾಡಿಸಿದ್ರೆ ಗೊತ್ತಾಗುತ್ತೆ ಯಾವ ಕಡೆ ನುಣ್ಣಗಿದೆ ಅಂತ. ಗೋಡೆಗೆ 1 ಇಂಚಿನ ಕಣ್ಣು ನಡೆಯುತ್ತೆ, ಆದ್ರೆ ಕೆಳಗಿನ 4 ಇಂಚಿಗೆ ಅರ್ಧ ಇಂಚಿನ ಪಟ್ಟಿ ಇನ್ನೊಂದು ಸುತ್ತು ಹೊಡೀರಿ, ಹೊಸ ಮರಿ ಬರ್ತಿವೆ ಅಂತೀರಲ್ಲ, ಪೆಟ್ಟಿಗೆಯಿಂದ ಆಚೆ ಬಂದ ಸಣ್ಣ ಮರಿ ದೊಡ್ಡ ಕಣ್ಣಲ್ಲಿ ನುಸುಳಿ ಬೀಳುತ್ತೆ. ಮೆಶ್ ಚೌಕಟ್ಟಿನ ಒಳಭಾಗಕ್ಕೆ ಹೊಡೆದ್ರೆ ಮರ ಅವ್ರ ಬಾಯಿಗೆ ಸಿಗಲ್ಲ. ಕತ್ತರಿಸಿದ ತುದಿಗಳನ್ನ ಅರದಲ್ಲಿ ಉಜ್ಜಿ, ಬೇಜಾರು ಕೆಲ್ಸ, ಆದ್ರೂ ಬಿಡ್ಬೇಡಿ. ಹೊಸ ಜಿಐ ಮೆಶ್ ಮೇಲೆ ಬಿಳೀ ಪುಡಿ ಥರ ಇದ್ರೆ ಅದು ಸತು, ನೆಕ್ಕಿದ್ರೆ ವಿಷ, ವಿನೆಗರ್ ಹಾಕಿ ಬ್ರಷ್ಷಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಇಡಿ. ಕಟ್ಟೋಕೆ ಪ್ಲಾಸ್ಟಿಕ್ ಟೈ ಬೇಡ, ಕಡಿದು ಹಾಕ್ತವೆ, ಜಿಐ ಬೈಂಡಿಂಗ್ ವೈರ್ ಸಾಕು.

ಕೊನೇದಾಗಿ, ಆ ತೂತು ಮುಚ್ಚೋಕೆ 1 ಅಡಿ ಚೌಕದ ಮೆಶ್ ತುಂಡು ಒಂದು ಎತ್ತಿಟ್ಟಿರಿ. ಮೂರು ತಿಂಗ್ಳಿಗೆ ಗಂಡು ಹೆಣ್ಣು ಬೇರೆ ಮಾಡ್ಲೇಬೇಕು, ಆವಾಗ ತೂತು ಮುಚ್ಚಿ ತಂತಿ ಬಿಗಿದ್ರೆ ಅದೇ ಗೂಡು ಎರಡು ಮನೆ. ಗಂಡುಗಳು ಒಂದಕ್ಕಿಂತ ಜಾಸ್ತಿ ಇದ್ರೆ ಕಚ್ಚಾಡ್ತವೆ, ಅವ್ರ ಮನೆಗೆ ಮಧ್ಯ ಅಡ್ಡಗೋಡೆ ಹಾಕಿ. ಟ್ರೇ ಮೊದ್ಲಿಂದ್ಲೂ ಇಡ್ಸೋದು ಅದಕ್ಕೇ.

ಉದ್ದಕಿವಿ (ಕುವೆಂಪುನಗರ):
ಎಲ್ಲಾ ಸರಿ, ಆದ್ರೆ ತಂತಿ ನೆಲ ಒಪ್ಪಲ್ಲ ನಾನು. ಮೊಲದ ಪಾದದಲ್ಲಿ ನಾಯಿ ಬೆಕ್ಕಿನ ಥರ ಮೆತ್ತನೆ ಗದ್ದಿಗೆ ಇಲ್ಲ, ಬರೀ ಕೂದ್ಲು. ತಂತಿ ಮೇಲೆ ನಿಂತು ನಿಂತು ಹಿಮ್ಮಡಿ ಕೂದ್ಲು ಉದುರಿ ಹುಣ್ಣಾಗುತ್ತೆ. ಕೋಳಿ ಫಾರಂ ಥರ ಸಾಕೋಕೆ ಮನೇಲಿ ಯಾಕೆ ಮೊಲ? ಹಲಗೆ ಹಾಕಿ ಮೇಲೆ ಹುಲ್ಲು ಹಾಸಿ.

ಬೋಗಾದಿಹಿತ್ತಲು:
ದೊಡ್ಡ ಮೊಲಕ್ಕೆ ನೀವು ಹೇಳೋದು ನಿಜ, ಭಾರ ಜಾಸ್ತಿ ಇರೋದಕ್ಕೆ ಬೇಗ ಹುಣ್ಣಾಗುತ್ತೆ. ಆದ್ರೆ ಈ ವಯಸ್ಸಿನ ಮರಿಗಳನ್ನ ಹೆಚ್ಚಾಗಿ ಕೊಲ್ಲೋದು ಹೊಟ್ಟೆ ಕಾಯಿಲೆ. ಕಾಕ್ಸಿಡಿಯಾ ಅಂತ, ಕರುಳಲ್ಲಿ ಬೆಳೆಯೋ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ, ಹಿಕ್ಕೇಲಿ ಆಚೆ ಬರುತ್ತೆ, ಬಂದ ತಕ್ಷಣ ಅಂಟಲ್ಲ, ಒಂದೆರಡು ದಿನ ತೇವದಲ್ಲಿ ಇದ್ದು ಹದವಾದ ಮೇಲೆ ಅದನ್ನ ತುಳಿದು ಮೈ ನೆಕ್ಕಿದ ಮರಿಗೆ ಹೋಗುತ್ತೆ. ಹಲಗೆ ಮೇಲೆ ಒದ್ದೆ ಹುಲ್ಲಿದ್ರೆ ಅದಕ್ಕೆ ಹಬ್ಬ. ತಂತಿ ನೆಲದಲ್ಲಿ ಹಿಕ್ಕೆ ಕೆಳಗೆ ಬೀಳುತ್ತೆ. ಅದಕ್ಕೇ ನಾನು ಬಲಗಡೆ ಹಲಗೆ, ಎಡಗಡೆ ಮೆಶ್ ಅಂದಿದ್ದು, ಮಲಗೋಕೆ ಹಲಗೆಗೆ ಬರ್ತವೆ, ಉಚ್ಚೆ ಹಿಕ್ಕೆ ಹೆಚ್ಚಾಗಿ ಮೆಶ್ ಕಡೆ ಮೂಲೇಲಿ ಮಾಡ್ತವೆ. ಹಲಗೆ ಮೊಳೆ ಹೊಡೀಬೇಡಿ, ಸುಮ್ನೆ ಕೂರ್ಸಿ, ಎರಡು ಜೊತೆ ಮಾಡ್ಕೊಳಿ, ಒಂದು ತೊಳೆದು ಬಿಸಿಲಲ್ಲಿ ಒಣಗ್ತಿದ್ರೆ ಇನ್ನೊಂದು ಒಳಗೆ. ಪ್ಲೈವುಡ್ ಬೇಡ, ಅಂಟು ಇರುತ್ತೆ, ನೀರು ಕುಡಿದು ಉಬ್ಬುತ್ತೆ.

ಉದ್ದಕಿವಿ:
ಅರ್ಧ ಒಪ್ಕೊಂಡೆ. ದಿನಾ ಒಂದ್ ಗಂಟೆ ಆಚೆ ಬಿಟ್ಟು ಓಡಾಡ್ಸಿ, ಅದು ನನ್ನ ಕಂಡೀಷನ್ನು.

ಚಂದ್ರಂಕಿ (ಮಳವಳ್ಳಿ ಕಡೆ):
ಅಣ್ಣ, ಮೂರ್ ಸಾವ್ರದಾಗೆ ಆಗ್ಬೇಕು ಅಂದ್ರೆ ಹೊಸಾ ಕಬ್ಬಿಣ ಯಾಕ್ ತಗತೀಯ. ನಮ್ ಕಡೆ ರೇಷ್ಮೆ ಬುಟ್ಟೋರ ಮನೆವೊಳಗೆ ಹುಳ ಮೇಯ್ಸೋ ಸ್ಟ್ಯಾಂಡು ತುಕ್ಕು ಹಿಡ್ಕಂಡು ಬಿದ್ದವೆ, ಗುಜರಿಗೆ ಹಾಕಕ್ಕೆ ಕಾಯ್ತಾವ್ರೆ. ಅದು ತೂತ್ ತೂತ್ ಆ್ಯಂಗಲ್ದಾಗಿದ್ರೆ ಇನ್ನೂ ವಾಸಿ, ನಟ್ಟು ಬೋಲ್ಟಲ್ಲೇ ಎತ್ರ ಬೇಕಾದಂಗೆ ಮಾಡ್ಕಬೋದು, ವೆಲ್ಡಿಂಗ್ ಗಿಲ್ಡಿಂಗ್ ಏನೂ ಬ್ಯಾಡ. ನಾನು ಹಂಗೇ ಮಾಡಿರೋದು. ರೀಪರ್ ಆದ್ರೆ ಉಚ್ಚೆ ಕುಡ್ದು ಕುಡ್ದು ನಾರ್ತದೆ, ಆಮೇಲೆ ಗೆದ್ಲು. ಒಂದ್ ಮಾತು ಮಾತ್ರ, ಆ ಸ್ಟ್ಯಾಂಡಿಗೆ ಬ್ಲೀಚಿಂಗ್ ಪೌಡ್ರು, ಫಾರ್ಮಲಿನ್ನು ಅಂತ ರೋಗಾಣು ಸಾಯ್ಸೋ ಔಷ್ದಿ ಎಲ್ಲಾ ಹೊಡ್ದಿರ್ತಾರೆ, ಎರಡ್ ದಪ ಸೋಪ್ನೀರಲ್ಲಿ ತಿಕ್ಕಿ ಬಿಸ್ಲಿಗೆ ಹಾಕು.

ಕಾಲಿಗೆ ನೀರ್ ಬಟ್ಲು ಮಡುಗು ಅಣ್ಣ, ಹಸೀ ಮರಿ ಇರೋ ಪೆಟ್ಗೆಗೆ ಇರುವೆ ಹತ್ತಿದ್ರೆ ಬೆಳಗಾಗೋದ್ರೊಳ್ಗೆ ಮುಗೀತು ಕತೆ. ಇರುವೆ ಪುಡಿ ಹಾಕ್ಬ್ಯಾಡ. ಕೇರೆಹಾವೂ ಬತ್ತವೆ, ಬಾಗ್ಲು ಸಂದಿ ಅರ್ಧ ಇಂಚಿನ ಮ್ಯಾಲೆ ಬುಡಬ್ಯಾಡ. ಹಿಪ್ಪುನೇರಳೆ ಸೊಪ್ಪು ಸಿಕ್ಕಿದ್ರೆ ಹಾಕು, ಬಲೇ ಇಷ್ಟಪಟ್ಟು ತಿಂತವೆ, ಔಷ್ದಿ ಹೊಡ್ದಿಲ್ಲ ಅಂತ ಕೇಳ್ಕಂಡು ತತ್ತಾ.

ಮೊಲದಮ್ಮ:
ಸೊಪ್ಪು ಒಂದೇ ಸಲ ರಾಶಿ ಹಾಕ್ಬೇಡಿ ಮಾತ್ರ. ಹಾಲು ಬಿಡಿಸಿದ ವಾರದಲ್ಲೇ ಮರಿಗಳಿಗೆ ಭೇದಿ ಹತ್ತೋದು. ಒಣ ಹುಲ್ಲು ಯಾವಾಗ್ಲೂ ಇರ್ಲಿ, ಹಸೀದು ಒಂದೊಂದು ಹಿಡಿಯಿಂದ ಶುರು ಮಾಡಿ. ಯಾವ್ದಾದ್ರೂ ಮರಿ ಅರ್ಧ ದಿನ ಏನೂ ತಿನ್ದೆ ಮೂಲೇಲಿ ಕೂತ್ರೆ ನಾಳೆ ನೋಡೋಣ ಅನ್ಬೇಡಿ, ಪಶು ಆಸ್ಪತ್ರೆಗೆ ಹೋಗಿ. ಹಂಗೇ ನಾಯಿಗೆ ಹಾಕೋ ಉಣ್ಣೆ ಔಷಧಿ ಮೊಲಕ್ಕೆ ಹಾಕ್ಬಿಟ್ಟೀರಾ, ಫಿಪ್ರೊನಿಲ್ ಇರೋದು ಮೊಲದ ಪ್ರಾಣ ತೆಗೆಯುತ್ತೆ.

ಕೆಮ್ಮಣ್ಣು (ಪಾಂಡವಪುರ):
ಇದೇ ಥರ ಗೂಡಲ್ಲಿ ಕಾಡುಮೊಲದ ಮರಿ ಸಾಕ್ಬೋದಾ? ಕಬ್ಬು ಕಡಿಯೋವಾಗ ಎರಡು ಸಿಕ್ಕಿವೆ, ತಾಯಿ ಓಡೋಯ್ತು.

ಬೋಗಾದಿಹಿತ್ತಲು:
ಬೇಡ ಗುರೂ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿದು ಸಾಕೋ ಹಂಗಿಲ್ಲ, ಮೇಲಾಗಿ ಅದು ಬೇರೆ ಜಾತಿ. ಮನೆ ಮೊಲದ ಮರಿ ಬೆತ್ತಲೆ ಹುಟ್ಟಿ ಹತ್ತು ದಿನಕ್ಕೆ ಕಣ್ಣು ಬಿಡುತ್ತೆ, ಕಾಡುಮೊಲದ್ದು ಹುಟ್ಟುವಾಗ್ಲೇ ಕೂದ್ಲು, ಕಣ್ಣು ಎಲ್ಲಾ ಇರುತ್ತೆ, ಗೂಡಲ್ಲಿ ಹೆದರಿ ಗುದ್ದಿಕೊಂಡೇ ಸಾಯುತ್ತೆ. ತಾಯಿ ಬಿಟ್ಟೋಗಿಲ್ಲ, ಕತ್ತಲಾದ ಮೇಲೆ ಹಾಲು ಕೊಡೋಕೆ ಬರುತ್ತೆ. ಸಿಕ್ಕಿದ ಜಾಗದ ಹತ್ರ, ಕಡಿಯದೇ ಇರೋ ಬದು ಪಕ್ಕ ಬಿಟ್ಟು ನಾಯಿಗಳನ್ನ ದೂರ ಇಡಿ ಸಾಕು.

ಗುತ್ತಲುರೋಡ್:
ಅಪ್ಡೇಟ್. ರಾತ್ರಿ ಮರಿ ಹಾಕಿದೆ 🙈 ಏಳು. ಪೆಟ್ಟಿಗೆ ಒಳಗೇ ಹಾಕಿದೆ, ಮೊಲದಮ್ಮ ಮೇಡಂಗೆ ಕೈ ಮುಗೀತೀನಿ. ಗಂಡು ಬಚ್ಚಲಲ್ಲಿದೆ, ಸ್ನಾನ ಯಾರೂ ನೆಮ್ಮದಿಯಾಗಿ ಮಾಡಂಗಿಲ್ಲ. ಚಂದ್ರಂಕಿ ಅಣ್ಣ ಹೇಳಿದ ಹಂಗೆ ನಮ್ ಭಾಮೈದನ ಊರಲ್ಲಿ ಹಳೇ ಸ್ಟ್ಯಾಂಡ್ ಸಿಕ್ತು, ದುಡ್ಡೇ ತಗೊಳ್ಲಿಲ್ಲ, ಗೂಡ್ಸ್ ಆಟೋ ಬಾಡಿಗೆ ಮಾತ್ರ. ಮೆಶ್ ನಾಳೆ ತರ್ತೀನಿ. ಎರಡು ಡೌಟು. ಶೀಟ್ ಕೆಳಗೆ ಮಧ್ಯಾಹ್ನ ಕೂರೋಕಾಗಲ್ಲ, ಏಪ್ರಿಲ್ ಬಂದ್ರೆ ಏನ್ ಮಾಡೋದು? ಹೊಸ ಮರಿ ಪೆಟ್ಟಿಗೆ ಮೇಲಿನ ಮನೇಲಿ ಇಡ್ಲಾ ಕೆಳಗಾ?

ಬೋಗಾದಿಹಿತ್ತಲು:
ಏಳಕ್ಕೂ ಶುಭಾಶಯ 😂

ತಾಯಿ ಮತ್ತೆ ಪೆಟ್ಟಿಗೆ ಕೆಳಗಿನ ಮನೆ, ಆರು ಮರಿ ಮೇಲಿನ ಮನೆ. ತೂತು ಈಗ್ಲೇ ಮುಚ್ಚಿ, ಇಲ್ದಿದ್ರೆ ದೊಡ್ಡವು ಇಳಿದು ಬಂದು ಹಾಲು ಕುಡಿದು ಹೊಸವಕ್ಕೆ ಏನೂ ಉಳಿಸಲ್ಲ. ಹೊಸವಕ್ಕೂ ಒಂದೂವರೆ ತಿಂಗ್ಳಾದ ಮೇಲೆ ತೆಗೀಬೋದು, ಆಗ ತಾಯೀನ ಬೇರೆ ಇಡಿ. ಅಷ್ಟೊತ್ತಿಗೆ ಮೊದಲ್ನೇ ಬ್ಯಾಚು ಮೂರು ತಿಂಗ್ಳ ಹತ್ರ ಬಂದಿರುತ್ತೆ, ಗಂಡು ಹೆಣ್ಣು ಗುರುತಿಸೋಕೆ ಬರೋರಿಗೆ ತೋರ್ಸಿ, ಅಂಗಡಿಯವ್ರಿಗಲ್ಲ. ಮನೆಗಳು ಸಾಲಲ್ಲ ಅನ್ಸಿದ್ರೆ ಈಗ್ಲೇ ಒಂದಷ್ಟು ಮರಿಗೆ ಸಾಕೋರ ಮನೆ ಹುಡುಕೋಕೆ ಶುರು ಮಾಡಿ.

ಸೆಕೆಗೆ, ಮೊಲ ಬೆವರಲ್ಲ, ಬಿಸಿ ಕಿವಿಯಿಂದಾನೇ ಆಚೆ ಹೋಗ್ಬೇಕು. 30 ಡಿಗ್ರಿ ದಾಟಿದ್ರೆ ಒದ್ದಾಡ್ತವೆ, ನಿಮ್ ಊರಲ್ಲಿ ಏಪ್ರಿಲಲ್ಲಿ ಅದು ದಿನಾ ದಾಟುತ್ತೆ. ಶೀಟ್ ಮೇಲೆ ಸುಣ್ಣ ಹೊಡೀರಿ, ಅದ್ರ ಮೇಲೆ ತೆಂಗಿನ ಗರಿ ಇಲ್ಲಾ ಕಬ್ಬಿನ ತರಗು ಹಾಸಿ ಗಾಳಿಗೆ ಹಾರದಂಗೆ ಕಟ್ಟಿ. ಮಧ್ಯಾಹ್ನ ಪಡುವಣ ಬಿಸ್ಲು ಬೀಳೋ ಕಡೆ ಒದ್ದೆ ಗೋಣಿ ತೂಗ್ಹಾಕಿ, ಗೂಡಿಂದ ಒಂದಡಿ ದೂರ, ಹತ್ರ ಇದ್ರೆ ನಾರು ಎಳೆದು ತಿಂತವೆ. ಪೆಪ್ಸಿ ಬಾಟ್ಲಲ್ಲಿ ನೀರು ಐಸ್ ಮಾಡಿ ಒಳಗಿಟ್ರೆ ಅದಕ್ಕೆ ಒರಗಿ ಮಲಗ್ತವೆ. ಬಾಯಿ ತೆರೆದು ಏದುಸಿರು ಬಿಡ್ತಿದ್ರೆ ಕಿವಿಗೆ ಒದ್ದೆ ಬಟ್ಟೆ ಸವರಿ, ತಣ್ಣೀರು ಮೈಮೇಲೆ ಸುರೀಬೇಡಿ.

ಚಂದ್ರಂಕಿ:
ಬಾಗ್ಲು ದೊಡ್ಡದಾಗಿ ಮಡುಗಣ್ಣ. ಒಂದಡಿ ಬಾಗ್ಲು ಮಡ್ಗಿ ಹಿಂದ್ಲ ಮೂಲೆಗೆ ಓಡೋದ ಮರಿ ಹಿಡ್ಯಕ್ಕೆ ಅರ್ಧ ಮೈ ಒಳೀಕ್ ತೂರ್ಸೋದು ಬ್ಯಾಡ. ಮುಂದ್ಲ ಗ್ವಾಡೇಲಿ ಅರ್ಧಾನೇ ಬಾಗ್ಲು ಮಾಡ್ಬುಡು, ಪೆಟ್ಗೆನೂ ಸಲೀಸಾಗಿ ಒಳೀಕ್ ಹೋಯ್ತದೆ.

ಗುತ್ತಲುರೋಡ್:
ಸರಿ ಅಣ್ಣ, ಮುಂದಿನ ಗೋಡೆ 4 ಅಡೀಲಿ 2 ಅಡಿ ಬಾಗ್ಲು, ಕೆಳಗೂ ಮೇಲೂ. ಮೆಶ್ ಎಷ್ಟು ಬೇಕು ಅಂತ ಪೇಪರ್ ಮೇಲೆ ಹಾಕ್ತಿದೀನಿ ಈಗ. ಮೈಸೂರಲ್ಲಿ ಯಾರಿಗಾದ್ರೂ ಮರಿ ಬೇಕಿದ್ರೆ ಮೆಸೇಜ್ ಮಾಡಿ, ಗೂಡು ಇರೋರಿಗೆ ಮಾತ್ರ ಕೊಡ್ತೀನಿ.